ಅಜ್ಜಿಯ ದನಿ ಉಳಿಸಿಕೊಟ್ಟವರಿಗೆ

ಕ್ಯಾಸೆಟ್ ರಿಪೇರಿ ಮಾಡಿಕೊಟ್ಟ ಹಿರಿಯರೇ, ಅವತ್ತು ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಜ್ಜಿ ದಿನಾ ಹೇಳುತ್ತಿದ್ದ ಪ್ರಾರ್ಥನೆಯನ್ನು 60 ನಿಮಿಷದ ಒಂದು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ನಡುನಡುವೆ ನಿಲ್ಲಿಸಿ, ಈ ಸಾಲಿಗೆ ಏನರ್ಥ, ತಮಗೆ ಯಾರು ಕಲಿಸಿದರು ಅಂತೆಲ್ಲ ಹೇಳಿದ್ದಾರೆ. ಮಗಳಿಗೆ ಕೇಳಿಸೋಣ ಅಂತ ಹಳೇ ಪ್ಲೇಯರ್‌ಗೆ ಹಾಕಿದೆ. ಕರಕರ ಸದ್ದು. ತೆಗೆದು ನೋಡಿದರೆ ಟೇಪು ರೋಲರ್‌ಗೆ ಸುತ್ತಿಕೊಂಡಿತ್ತು. ಗಾಬರಿಯಲ್ಲಿ ಎಳೆದೆ, ತುಂಡಾಯಿತು. (ಎಳೆಯಬಾರದಂತೆ. ಈಗ ಗೊತ್ತಾಯ್ತು.) ಬೇರೆ ಕಾಪಿ ಇರಲಿಲ್ಲ.

ನೀವು ಬೈಯಲಿಲ್ಲ. ಮೊದಲು ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಿರಿ. ಅದು ಸ್ಕ್ರೂ ಇಲ್ಲದ, ಅಂಟಿಸಿದ ಡಬ್ಬಿ. ಅಂಚನ್ನು ಬ್ಲೇಡಿನಿಂದ ನಿಧಾನವಾಗಿ ಬಿಡಿಸಿದಿರಿ. ಹರಿದ ತುದಿಗಳನ್ನು ಓರೆಯಾಗಿ ಕತ್ತರಿಸಿ, ಜೋಡಿಸಿ, ಹಿಂಬದಿಗೆ ತೆಳುವಾದ ಪಟ್ಟಿ ಅಂಟಿಸಿದಿರಿ. "ಒಂದು ಪದ ಹೋಗಬಹುದು ಅಮ್ಮ, ಅಷ್ಟೇ" ಅಂದಿರಿ. ಆಮೇಲೆ ಬೇರೆ ಡಬ್ಬಿಗೆ ಹಾಕಿ, ಪೆನ್ಸಿಲ್ ತೂರಿಸಿ ಸುತ್ತೋ ಕೆಲಸವನ್ನು ಮಗಳ ಕೈಗೆ ಕೊಟ್ಟಿರಿ. ಅವಳು ಉಸಿರು ಬಿಗಿಹಿಡಿದು ಸುತ್ತಿದಳು.

ಬಟನ್ ಒತ್ತಿದಾಗ ಮೊದಲು ಬಂದದ್ದು ಅಜ್ಜಿಯ ಕೆಮ್ಮು. ನನಗೆ ಕಾಲಲ್ಲಿ ಬಲವೇ ಇಲ್ಲ ಅನ್ನಿಸಿತು. ನೀವು ಏನೂ ಹೇಳದೆ ಸ್ಟೂಲ್ ಸರಿಸಿ, ಇನ್ನೇನೋ ಕೆಲಸ ಇರುವವರಂತೆ ಆ ಕಡೆ ತಿರುಗಿ ಕೂತಿರಿ. ತುಂಬಾ ಥ್ಯಾಂಕ್ಸ್, ಅದಕ್ಕೇ ಜಾಸ್ತಿ.

ನೀವು ಹೇಳಿದಂತೆ ಫೋನಿಗೂ ಕಾಪಿ ಮಾಡಿಟ್ಟಿದ್ದೇನೆ. ಮಗಳು ಈಗ ಪ್ರಾರ್ಥನೆ ಹೇಳುತ್ತಾಳೆ, ಶುರುವಿನ ಕೆಮ್ಮನ್ನೂ ಸೇರಿಸಿ.