ಮೇಲೊಂದು ಕೋಟ್ ಬೇಡ, ಹಾಕಿದ್ದನ್ನು ತೆಗೆದು ಮತ್ತೆ ಮಾಡಿಕೊಡಿ

ಗೆ,
ವ್ಯವಸ್ಥಾಪಕರು,
ಕಾರ್ ಡೀಟೇಲಿಂಗ್ ವಿಭಾಗ, ಶಿವಮೊಗ್ಗ

ವಿಷಯ: ಸೆರಾಮಿಕ್ ಕೋಟಿಂಗ್ ಕೆಲಸದಲ್ಲಿನ ಲೋಪ

ಮಾನ್ಯರೇ,

ಜುಲೈನಲ್ಲಿ ನಿಮ್ಮಲ್ಲಿ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ ರಕ್ಷಣಾ ಪದರ) ಮಾಡಿಸಿದ ಕಡುನೀಲಿ ಕಾರಿನ ಬಾನೆಟ್ ಮೇಲೆ ಎಣ್ಣೆ ಕೈ ಒರೆಸಿದ ಹಾಗೆ ಕಪ್ಪು ಪಟ್ಟೆಗಳಿವೆ. ಎಡಬದಿಯ ಬಾಗಿಲುಗಳ ಮೇಲೆ ನೀರು ಹನಿಗಟ್ಟಿ ಜಾರುವುದಿಲ್ಲ, ಹರಡಿಕೊಂಡು ನಿಲ್ಲುತ್ತದೆ. ಕೇಳಿದರೆ "ಮೇಲೊಂದು ಕೋಟ್ ಫ್ರೀಯಾಗಿ ಹೊಡ್ಕೊಡ್ತೀವಿ ಸಾರ್" ಎಂದರು ನಿಮ್ಮವರು. ಅದನ್ನು ಒಪ್ಪಲಾಗದು.

ಬಾನೆಟ್ ಮೇಲಿನವು ಹೈ ಸ್ಪಾಟ್‌ಗಳು, ಅಂದರೆ ಸರಿಯಾಗಿ ಒರೆಸದೆ ಉಳಿದ ದ್ರಾವಣ ಗಟ್ಟಿಯಾದ ಕಲೆಗಳು. ದ್ರಾವಣವನ್ನು ಒಂದು ಸಲಕ್ಕೆ ಎರಡಡಿ ಚೌಕದಷ್ಟೇ ಜಾಗಕ್ಕೆ ಅಡ್ಡ-ಉದ್ದ ಹಚ್ಚಿ, ಕಾಮನಬಿಲ್ಲಿನ ಬಣ್ಣ ಮೂಡುತ್ತಿದ್ದಂತೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಒಣಬಟ್ಟೆಯಲ್ಲಿ ಮಟ್ಟ ಮಾಡಬೇಕು. ಮಲೆನಾಡಿನ ಆಷಾಢದ ತೇವದ ಗಾಳಿಯಲ್ಲಿ ಒರೆಸುವ ಹೊತ್ತಿನ ಲೆಕ್ಕವೇ ಬದಲಾಗುತ್ತದೆ. ಶಟರ್ ತೆರೆದಿಟ್ಟು ಇಡೀ ಬಾನೆಟ್‌ಗೆ ಒಮ್ಮೆಲೇ ಹಚ್ಚಿದರೆ, ಒರೆಸಹೋಗುವಷ್ಟರಲ್ಲಿ ಮೊದಲು ಹಚ್ಚಿದ ಕಡೆ ಬಿಗಿದಿರುತ್ತದೆ. ಆಗಲೇ ಟಾರ್ಚ್ ಹಿಡಿದು ನೋಡಿದ್ದರೆ ಅಳಿಸಬಹುದಿತ್ತು. ಈಗ ಅದು ಗಟ್ಟಿಯಾಗಿದೆ, ಮಷೀನ್ ಪಾಲಿಶ್ ಹಾಕದೆ ಹೋಗುವುದಿಲ್ಲ. ಮೇಲೆ ಇನ್ನೊಂದು ಪದರ ಬಂದರೆ ಪಟ್ಟೆ ಒಳಗೇ ಉಳಿಯುತ್ತದೆ.

ಬಾಗಿಲುಗಳ ಸಂಗತಿ ಬೇರೆ. ಅಲ್ಲಿ ಜೇಡರಬಲೆಯಂಥ ಸುತ್ತುಗೀರುಗಳು ಹಾಗೇ ಇವೆ, ಬಿಲ್‌ನಲ್ಲಿ ಮಾತ್ರ ಎರಡು ಹಂತದ ಕಾಂಪೌಂಡಿಂಗ್‌ಗೆ (ಗೀರು ಹೋಗುವಂತೆ ಮೇಲ್ಪದರವನ್ನು ಮಷೀನಿನಲ್ಲಿ ಉಜ್ಜುವುದಕ್ಕೆ) ಹಣ ಹಿಡಿದಿದ್ದೀರಿ. ಕೋಟಿಂಗ್ ಪಾರದರ್ಶಕ, ಗೀರು ತುಂಬುವುದಿಲ್ಲ. ಪಾಲಿಶ್‌ನ ಎಣ್ಣೆಯಂಶವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ತೆಗೆಯದಿದ್ದರೆ ಕೋಟಿಂಗ್ ಬಣ್ಣಕ್ಕೆ ಹಿಡಿಯುವುದೂ ಇಲ್ಲ. ಬಾಗಿಲುಗಳಲ್ಲಿ ಆಗಿರುವುದು ಹೀಗೇ ಎಂದು ಕಾಣುತ್ತದೆ.

ಇದರ ಮೇಲೆ ಅದೇ ಸಂಜೆ ಮಳೆಯಲ್ಲೇ ಕಾರು ಕೊಟ್ಟು ಕಳಿಸಿದಿರಿ. ಕನಿಷ್ಠ 24 ಗಂಟೆ ನೀರು ತಾಗಬಾರದು, ಒಂದು ವಾರ ಶಾಂಪೂ ಹಾಕಬಾರದು ಎಂಬ ಮಾತು ನಿಮ್ಮದೇ ವಾರಂಟಿ ಕಾರ್ಡಿನಲ್ಲಿದೆ. ತೀರ್ಥಹಳ್ಳಿ ದಾರಿಯಲ್ಲಿ ಆಷಾಢದಲ್ಲಿ ಇದನ್ನು ಪಾಲಿಸುವುದು ಹೇಗೆ? ಕಾರಿನ ಟಾಪ್ ಮೇಲೆ ಉಳಿದ ನೀರಿನ ಕಲೆಗಳಿಗೆ "ವಾಟರ್ ಸ್ಪಾಟ್ ವಾರಂಟಿಗೆ ಬರಲ್ಲ" ಎನ್ನುವುದು ನ್ಯಾಯವಲ್ಲ. (ಅಡಿಕೆ ಚೊಗರು ಬಿದ್ದರೂ ಏನೂ ಆಗದು, 9ಎಚ್ ಅಂದರೆ ಕಲ್ಲಿಗೂ ಜಗ್ಗದು ಎಂದು ಮಾರುವುದನ್ನೂ ನಿಲ್ಲಿಸಿ. 9ಎಚ್ ಪೆನ್ಸಿಲ್ ಗೀರಿನ ಪರೀಕ್ಷೆಯ ಅಳತೆ, ಅಷ್ಟೆ.)

ಆಗಬೇಕಾದ್ದು ಇಷ್ಟು. ಮಷೀನ್ ಮುಟ್ಟುವ ಮೊದಲು ಪ್ರತಿ ಪ್ಯಾನಲ್‌ನ ಬಣ್ಣದ ದಪ್ಪವನ್ನು ಗೇಜ್‌ನಲ್ಲಿ ಅಳೆದು ಮೈಕ್ರಾನ್ ಲೆಕ್ಕದಲ್ಲಿ ಬರೆದುಕೊಡಿ. ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಇರುವುದೇ ಸಾಮಾನ್ಯವಾಗಿ 40–50 ಮೈಕ್ರಾನ್, ಪ್ರತಿ ಕಾಂಪೌಂಡಿಂಗ್‌ಗೂ ಅದು ಸವೆಯುತ್ತದೆ. ಅಂಚುಗಳಲ್ಲಿ ಮಷೀನ್ ಒತ್ತಬೇಡಿ. ಹಳೆಯ ಕೋಟಿಂಗ್ ತೆಗೆದು, ಎಡಬದಿಯ ಗೀರು ಸರಿಮಾಡಿ, ಆಲ್ಕೊಹಾಲ್‌ನಲ್ಲಿ ಒರೆಸಿ, ಆರ್ದ್ರತೆ ಅಳೆಯುವ ಮೀಟರ್ ಇರುವ ಮುಚ್ಚಿದ ಕೋಣೆಯಲ್ಲೇ ಕೋಟಿಂಗ್ ಹಾಕಿ. ಐಆರ್ ಲ್ಯಾಂಪ್ (ಕೋಟಿಂಗ್ ಗಟ್ಟಿಯಾಗಲು ಬಿಸಿ ಕೊಡುವ ದೀಪ) ಇದ್ದರೆ ಬಳಸಿ. ಮಾರನೆಯ ದಿನದವರೆಗೂ ಕಾರು ನಿಮ್ಮ ಶೆಡ್‌ನಲ್ಲೇ ಇರಲಿ. ವಾರಂಟಿ ಆ ದಿನದಿಂದ ಶುರುವಾಗಬೇಕು. ಇಷ್ಟು ಮಾಡಲಾಗದಿದ್ದರೆ ಪೂರ್ತಿ ಹಣ ವಾಪಸ್ ಕೊಡಿ.

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲಾಗುವುದು. ಬಿಲ್, ವಾರಂಟಿ ಕಾರ್ಡ್‌ಗಳ ಪ್ರತಿ ಮತ್ತು ಟಾರ್ಚ್ ಬೆಳಕಿನಲ್ಲಿ ತೆಗೆದ ಫೋಟೋಗಳನ್ನು ಲಗತ್ತಿಸಿದೆ.

ಇಂತಿ,
ಕಾರಿನ ಮಾಲೀಕರು
ತೀರ್ಥಹಳ್ಳಿ