ಮೊದಲು ನೆಲ ಬಿಟ್ಟದ್ದು ಏನು?

ಪ್ರೀತಿಯ ತಂಗಿ,

ಬಳ್ಳಾರಿಯಲ್ಲಿ ನೀನು ನೋಡಿದ ನೃತ್ಯದ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಆ ದಿನ ನನಗೆ ಬರೋಕಾಗಲಿಲ್ಲ. ಹಾಗಾಗಿ ನಿನ್ನ ಕಣ್ಣಿಂದಲೇ ನೋಡಬೇಕು. ಪ್ರೀತಿ, ಅಗಲಿಕೆ, ಹೊಸ ಬದುಕು, ಈ ಮೂರು ಮಾತು ಪ್ರತಿ ಪ್ಯಾರಾದಲ್ಲೂ ಬಂದಿವೆ. ಆದರೆ ಆ ಇಬ್ಬರು ನರ್ತಕರು ವೇದಿಕೆ ಮೇಲೆ ಏನು ಮಾಡಿದರು ಅನ್ನೋದು ನನಗೆ ಕಾಣಲೇ ಇಲ್ಲ.

ಜರ್ಮನಿಯ ಪೀನಾ ಬೌಷ್ 1978ರಲ್ಲಿ 'ಕೆಫೆ ಮುಲ್ಲರ್' ಅನ್ನೋ ನೃತ್ಯ ಕಟ್ಟಿದರು. ವೇದಿಕೆ ತುಂಬಾ ಕುರ್ಚಿ, ಮೇಜು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ತಬ್ಬಿ ನಿಂತಿರುತ್ತಾರೆ. ಮೂರನೆಯವನು ಬಂದು ಅವರ ಕೈ ಬಿಡಿಸುತ್ತಾನೆ. ಅವಳನ್ನು ಎತ್ತಿ ಆ ಗಂಡಸಿನ ತೋಳಿನ ಮೇಲೆ ಮಲಗಿಸಿ ಹೋಗುತ್ತಾನೆ. ಆ ತೋಳು ಸಡಿಲಾಗುತ್ತೆ, ಅವಳು ಕೆಳಗೆ ಬೀಳುತ್ತಾಳೆ. ತಟ್ಟನೆ ಎದ್ದು ಮತ್ತೆ ಅವನನ್ನೇ ತಬ್ಬುತ್ತಾಳೆ. ಮೂರನೆಯವನು ಮತ್ತೆ ಬರುತ್ತಾನೆ. ಇದೇ ಮತ್ತೆ ಮತ್ತೆ, ಇನ್ನೂ ಜೋರಾಗಿ. ಕೊನೆಗೆ ಅವನು ಬರೋದೇ ಬೇಕಾಗಿಲ್ಲ, ಇಬ್ಬರೂ ತಾವೇ ಮಾಡಿಕೊಳ್ಳುತ್ತಾರೆ. ಇಷ್ಟು ಹೇಳಿದ ಮೇಲೆ ನಾನು 'ಅಗಲಿಕೆ' ಅಂತ ಬೇರೆ ಹೇಳಬೇಕಾ?

ನೃತ್ಯದ ಶಾಸ್ತ್ರ ಗೊತ್ತಿಲ್ಲ ಅಂತ ಹಿಂಜರಿದಿದ್ದೀಯ. ನರ್ತಕಿಯ ಮುಖದಲ್ಲಿ ಭಾವನೆಯೇ ಇರಲಿಲ್ಲ, ಅರ್ಥವಾಗಲಿಲ್ಲ ಅಂತಲೂ ಬರೆದಿದ್ದೀಯ. ಪಕ್ಕದ ಕೊಪ್ಪಳ ಜಿಲ್ಲೆಯ ಮೊರನಾಳದಲ್ಲಿ ತೊಗಲುಗೊಂಬೆ ಆಡಿಸೋ ಭೀಮವ್ವ ಶಿಳ್ಳೇಕ್ಯಾತರನ್ನು ನೆನಪಿಸಿಕೊ. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೊಗಲುಗೊಂಬೆಯ ಮುಖ ಒಮ್ಮೆ ಕೊರೆದದ್ದು, ಒಂದು ಗೆರೆಯೂ ಬದಲಾಗೋದಿಲ್ಲ. ಆದರೂ ಪರದೆ ಮೇಲೆ ಅದು ಅಳುತ್ತೆ, ಅಲ್ವಾ? ಕೈ ಹೇಗೆ ಇಳಿಯಿತು, ಗೊಂಬೆ ಎಷ್ಟು ಹೊತ್ತು ಅಲುಗದೆ ನಿಂತಿತು, ಅಳು ಇರೋದು ಅಲ್ಲಿ. ನಿನ್ನ ನರ್ತಕಿಯಲ್ಲೂ ಅಲ್ಲೇ ಹುಡುಕು.

ಮಾತುಗಳೂ ನಿನ್ನ ಹತ್ತಿರವೇ ಇವೆ. ರೊಟ್ಟಿ ಬಡಿಯೋ ಅಂಗೈ, ಹತ್ತಿ ಬಿಡಿಸೋ ಬೆರಳು, ಮಳೆಯಾದ ಮೇಲೆ ಎರೆ ಹೊಲದಲ್ಲಿ ಕಿತ್ತಿಡೋ ಹೆಜ್ಜೆ. ಒಬ್ಬರ ಮೈಭಾರ ಇನ್ನೊಬ್ಬರ ಮೇಲೆ ಬಿದ್ದದ್ದನ್ನು ಹೇಳೋಕೆ ಇವು ಸಾಕು.

ಅಪ್ಪ ಹೋದ ಮೇಲೆ ನಮ್ಮ ಅವ್ವ ತಿಂಗಳುಗಟ್ಟಲೆ ಗೋಡೆಗೆ ಒರಗಿ ಕೂತಿದ್ದಳು. ಒಂದು ಬೆಳಿಗ್ಗೆ ಯಾರೂ ಹೇಳದೆ ಮೊರ ತಗೊಂಡು ಜೋಳ ಕೇರಿದಳು. ಮೊದಲು ತುಂಬಾ ನಿಧಾನ. ಆಮೇಲೆ ಮೊರ ಹಳೆ ಲಯಕ್ಕೆ ಬಂತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅದನ್ನು ಬರೆಯೋಕೆ ನನಗೆ ಹತ್ತು ವರ್ಷ ಬೇಕಾಯಿತು. ಬರೆದಾಗ ಆ ಮೊರ, ಆ ಹೊಟ್ಟು, ಅವಳ ಮಣಿಕಟ್ಟು, ಇಷ್ಟೇ ಇಟ್ಟೆ.

ಕೊನೆಯಲ್ಲಿ ಆ ಹುಡುಗಿ 'ಹೊಸದಾಗಿ ಎದ್ದಳು' ಅಂತ ಮುಗಿಸಿದ್ದೀಯ. ಎದ್ದಾಗ ಮೊದಲು ನೆಲ ಬಿಟ್ಟದ್ದು ಏನು? ಹಣೆಯಾ, ಅಂಗೈಯಾ? ಅವಳ ಉಸಿರು ನಿನಗೆ ಕೇಳಿಸುತ್ತಿತ್ತಾ? ಅಷ್ಟನ್ನು ಬರೆದು ಕಳಿಸು. ಕಾಯ್ತಿರ್ತೀನಿ.

ನಿನ್ನ ಅಕ್ಕ