ಸಂಗಮದ ಮರಳಲ್ಲಿ ಸಿಕ್ಕಿದ್ದು ಬರೀ ಬ್ಲೇಡು

ಸಂಪಾದಕರೇ ನಮಸ್ಕಾರ,

ಧನುರ್ಮಾಸದ ಚಳೀಲಿ ಬೆಳಗ್ಗೆ ಆರೂವರೆಗೆ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋಗಿದ್ವಿ, ಹಿಂದಿನ ದಿನ ಸ್ನಾನ ಮಾಡುವಾಗ ನಮ್ಮನೆಯವಳ ಕಾಲುಂಗುರ ಜಾರಿಹೋಗಿತ್ತು. ಹಗ್ಗಕ್ಕೆ ಮ್ಯಾಗ್ನೆಟ್ ಕಟ್ಟಿ ಕಾಸು ಎತ್ತೋ ಹುಡುಗರನ್ನ ಕೇಳಿದ್ರೆ ಬೆಳ್ಳಿ ಅಂಟಲ್ಲ ಸಾರ್ ಅಂದ್ರು, ನಿಜಾನೇ, ಈಗಿನ ಸ್ಟೀಲ್ ರೂಪಾಯಿ ಅಂಟುತ್ತೆ, ಬೆಳ್ಳಿ ಬಂಗಾರ ಅಂಟಲ್ಲ. ಅದಕ್ಕೇ ಅಕ್ಕನ ಮಗ ಆನ್‌ಲೈನಲ್ಲಿ ತರಿಸಿದ್ದ ಮೆಟಲ್ ಡಿಟೆಕ್ಟರ್ ಹೊತ್ಕೊಂಡು ಹೋಗಿದ್ದು.

ಕೈಬೆರಳು ಮರಗಟ್ಟಿ ಮಷೀನಿನ ಬಟನ್ ಒತ್ತಕ್ಕೂ ಆಗ್ತಿರಲಿಲ್ಲ. ಕುಂಯ್ ಅಂದ ಕಡೆಯೆಲ್ಲ ಒದ್ದೆ ಮರಳು ಕೆದಕಿದ್ರೆ ಬಿಯರ್ ಮುಚ್ಚಳ, ಪಿನ್ನು, ಒಂದು ಮುರಿದ ಗಂಟೆ, ಮತ್ತೆ ತುಕ್ಕು ಹಿಡಿದ ಅರ್ಧರ್ಧ ಬ್ಲೇಡು, ಒಂದಲ್ಲ ಎರಡಲ್ಲ ಹನ್ನೊಂದು! ಕರ್ಮ ಮಾಡಿಸೋಕೆ ಬಂದೋರು ತಲೆ ಬೋಳಿಸಿಕೊಂಡ ಮೇಲೆ ಅಲ್ಲೇ ಬಿಸಾಕೋದು, ಅದರ ಪಕ್ಕದಲ್ಲೇ ಮಕ್ಕಳು ಬರಿಗಾಲಲ್ಲಿ ಓಡಾಡ್ತಾವೆ. ದಯವಿಟ್ಟು ಅಲ್ಲೊಂದು ಬ್ಲೇಡ್ ಡಬ್ಬ ಇಡಿಸಿ ಸ್ವಾಮಿ.

ಇನ್ನೊಂದು ವಿಷ್ಯ, ಮಷೀನ್ ನೋಡಿದ್ದೇ ತಡ ಒಬ್ಬರು ಬಂದು ಕೋಟೆ ಹತ್ರ ಹೋಗೋಣ್ವಾ, ಟಿಪ್ಪು ನಿಧಿ ಇರಬಹುದು ಅಂದ್ರು. ಅಯ್ಯೋ ದೇವ್ರೇ! ಅದು ಸಂರಕ್ಷಿತ ಸ್ಮಾರಕ, ಪರ್ಮಿಷನ್ ಇಲ್ದೆ ಅಗೆದ್ರೆ 1958ರ ಸ್ಮಾರಕ ಕಾಯ್ದೆ ಪ್ರಕಾರ ಕೇಸು, ನಿಧಿ ಸಿಕ್ರೂ ಡಿಸಿಗೆ ತಿಳಿಸ್ಬೇಕು, ನಮ್ಮದಾಗಲ್ಲ. ತಲಕಾಡಿನ ಮರಳಿನ ಕಡೆಗೂ ಇಂಥ ಆಸೆ ಇಟ್ಕೊಂಡು ಹೋಗೋರಿದ್ರೆ ಮಷೀನ್ ಮನೇಲೇ ಬಿಟ್ಟು ಹೋಗಿ.

ಕಾಲುಂಗುರ ಸಿಗಲೇ ಇಲ್ಲ, ಹೊಸದು ಕೊಡಿಸಿದ್ದಾಯ್ತು.

- ಒಬ್ಬ ಓದುಗ, ಮಂಡ್ಯ